ಮೂತಿ ಎಷ್ಟು ಎತ್ತಬೇಕು? ಟೂ ವೀಲ್ ಡ್ರೈವ್ ಪಿಕಪ್‌ಗೆ ಸ್ಪೇಸರ್, ದೊಡ್ಡ ಟೈರ್ ಹಾಕಿದ ಅನುಭವ

ಖಾಲಿ ಪಿಕಪ್ ಯಾವುದನ್ನೇ ನೋಡಿ, ಮೂತಿ ಕೆಳಗೆ, ಹಿಂಭಾಗ ಮೇಲೆ. ಕೋಲಾರದ ಎಪಿಎಂಸಿ ಹತ್ತಿರ ಟೊಮೆಟೊ ಇಳಿಸಿ ಸಾಲಾಗಿ ನಿಂತ ಗಾಡಿಗಳು ತೊಟ್ಟಿಗೆ ಬಾಯಿ ಹಾಕಿದ ಎತ್ತುಗಳ ಹಾಗೆ ಕಾಣುತ್ತವೆ. ಅದು ಕಂಪನಿಯವರ ತಪ್ಪಲ್ಲ. ಹಿಂದಿನ ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಲೋಡಿಗೆಂದೇ ಮಾಡಿರುತ್ತಾರೆ. ಲೋಡು ಬಿದ್ದಾಗ ಕೂರಲು ಜಾಗ ಬೇಕಲ್ಲ, ಅದಕ್ಕೇ ಖಾಲಿಯಿದ್ದಾಗ ಆ ಎತ್ತರ. ಇದನ್ನು ಮರೆತು ಖಾಲಿ ಗಾಡಿಯನ್ನು ಕಣ್ಣಳತೆಯಲ್ಲಿ ಮಟ್ಟ ಮಾಡಿದವರ ಗಾಡಿ ಲೋಡು ಹಾಕಿದ ದಿನ ಆಕಾಶ ನೋಡುತ್ತದೆ.

ನಾವು ಕೆಲಸ ಮಾಡಿದ್ದು ಇಸುಜು ಡಿ-ಮ್ಯಾಕ್ಸ್ ರೆಗ್ಯುಲರ್ ಕ್ಯಾಬ್ ಮೇಲೆ. ಟೂ ವೀಲ್ ಡ್ರೈವ್. ಮುಂದೆ ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿಯುವ ಜೋಡಣೆ) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಪಟ್ಟಿ, ಕಂಪನಿ ಟೈರು 205 ಆರ್ 16 ಸಿ. ಶ್ರೀನಿವಾಸಪುರದ ಕಡೆ ತೋಟದ ದಾರಿಗಳಲ್ಲಿ ಬದು ದಾಟುವಾಗ ಮುಂದಿನ ಬಂಪರಿನ ಕೆಳ ಅಂಚು ಪ್ರತಿ ಸಲ ಮಣ್ಣು ಕೆರೆಯುತ್ತಿತ್ತು. ಬೇಕಾಗಿದ್ದದ್ದು ಮೂರು ನಾಲ್ಕು ಬೆರಳು ಜಾಗ, ಅಷ್ಟೇ. ಅದಕ್ಕೆ ಹಿಡಿದ ದಾರಿ ಎರಡು: ಮುಂದಿನ ಸ್ಪ್ರಿಂಗ್ ಜೋಡಣೆಯ ಮೇಲೆ ಕೂರುವ ಲೋಹದ ಬಿಲ್ಲೆ, ಅಂದರೆ ಸ್ಪೇಸರ್, ಮತ್ತು ದೊಡ್ಡ ಟೈರು.

ಮೊದಲು ಅಳತೆ, ಅದೂ ಎರಡು ಸಲ

ನೆಲ ಮಟ್ಟವಾಗಿರಬೇಕು. ಕಾಂಕ್ರೀಟ್ ಅಂಗಳವನ್ನೂ ನಂಬಬೇಡಿ, ನೀರು ಹರಿಯಲಿ ಎಂದು ಇಳಿಜಾರು ಕೊಟ್ಟಿರುತ್ತಾರೆ. ಗಾರೆಯವರು ಬಳಸುವ ನೀರು ತುಂಬಿದ ಟ್ಯೂಬ್ ಹಿಡಿದು ನಾಲ್ಕು ಚಕ್ರದ ಜಾಗವನ್ನೂ ನೋಡಿಕೊಳ್ಳಿ. ಗಾಳಿ ಸರಿಮಾಡಿ, ಗಾಡಿಯನ್ನು ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ, ಹ್ಯಾಂಡ್‌ಬ್ರೇಕ್ ಹಾಕದೆ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ ಅಳೆಯಿರಿ. ಜಾಕಿಯಿಂದ ಇಳಿಸಿದ ತಕ್ಷಣ ಅಳೆದರೆ ಮೂತಿ 15-20 ಮಿ.ಮೀ. ಎತ್ತರ ತೋರಿಸುತ್ತದೆ. ಇಳಿಯುವಾಗ ಟೈರುಗಳು ನೆಲ ಕಚ್ಚಿಕೊಂಡು, ಹೊರಕ್ಕೆ ಜಾರಬೇಕಾದಷ್ಟು ಜಾರಿರುವುದಿಲ್ಲ. ಅದನ್ನೇ ನಿಜ ಎಂದು ನಂಬಿ ಸ್ಪೇಸರ್ ಅಳತೆ ಬದಲಿಸಿದವರಿದ್ದಾರೆ.

ಎರಡು ಅಳತೆ ಬರೆದಿಟ್ಟುಕೊಳ್ಳಿ. ಚಕ್ರದ ಹಬ್ಬಿನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿಗೆ ಒಂದು. ಟೈರ್ ಬದಲಾದರೂ ಇದು ಬದಲಾಗದು, ಹಾಗಾಗಿ ಸ್ಪೇಸರ್ ಎಷ್ಟು ಎತ್ತಿತು ಎಂದು ನಿಖರವಾಗಿ ಹೇಳುವುದು ಇದೇ. ಇನ್ನೊಂದು, ಎರಡೂ ಆಕ್ಸಲ್ ನೇರಕ್ಕೆ ಚಾಸಿಸ್ ತಳದಿಂದ ನೆಲಕ್ಕೆ. ಗಾಡಿಯ ವಾಲು ಗೊತ್ತಾಗುವುದು ಇದರಿಂದ.

ನಮ್ಮ ಗಾಡಿ ಖಾಲಿಯಿದ್ದಾಗ ಹಿಂದೆ 70 ಮಿ.ಮೀ. ಎತ್ತರ. ಆಮೇಲೆ 15 ಕೆಜಿಯ 50 ಬಾಕ್ಸ್ ಟೊಮೆಟೊ ಹೇರಿದೆವು. ಹಣ್ಣು 750 ಕೆಜಿ, ಪ್ಲಾಸ್ಟಿಕ್ ಬಾಕ್ಸಿನ ತೂಕ ಸೇರಿ 850ರ ಹತ್ತಿರ. ಹಿಂಭಾಗ 80 ಮಿ.ಮೀ. ಇಳಿಯಿತು, ಮೂತಿ 4 ಮಿ.ಮೀ. ಏರಿತು. ಈಗ ಗಾಡಿ 14 ಮಿ.ಮೀ. ಮೂತಿ ಮೇಲೆ. ಅಂದರೆ ಲೋಡು ಹೊತ್ತಾಗ ಅದು ಆಗಲೇ ಮಟ್ಟಕ್ಕಿತ್ತು. ಖಾಲಿಯಲ್ಲಿ ಪೂರ್ತಿ 70 ಎತ್ತಿದ್ದರೆ ಲೋಡಿನಲ್ಲಿ ಮೂತಿ 84 ಮಿ.ಮೀ. ಮೇಲಿರುತ್ತಿತ್ತು. ಬದು ದಾಟುವುದಕ್ಕೂ ಸಾಕು, ಲೋಡಿಗೂ ಹೆಚ್ಚಲ್ಲ ಎಂದು ಅರ್ಧಕ್ಕೆ, 35 ಮಿ.ಮೀ.ಗೆ, ತೀರ್ಮಾನ ಮಾಡಿದೆವು. ವಾರಕ್ಕೆ ಐದು ದಿನ ಲೋಡು ಹೊರುವ ಗಾಡಿಗೆ ಅರ್ಧಕ್ಕಿಂತ ಹೆಚ್ಚು ಎತ್ತುವುದು ಬರೀ ಅಂದಕ್ಕೆ.

ಹಿಂದಿನ ಒಂದು ಪಟ್ಟಿ ತೆಗೆದು ಹಿಂಭಾಗ ಇಳಿಸಿಬಿಡಿ, ಖರ್ಚೇ ಇಲ್ಲ ಎಂದು ಹೇಳುವವರು ಸಿಗುತ್ತಾರೆ. ಬೇಡ. ಆ ಪಟ್ಟಿ ಹೊರುತ್ತಿದ್ದ ಭಾರ ಉಳಿದ ಪಟ್ಟಿಗಳ ಮೇಲೆ ಬೀಳುತ್ತದೆ, ಮೊದಲು ಮುರಿಯುವುದು ಮೇನ್ ಪಟ್ಟಿ.

ಟೈರು: ಗಾತ್ರಕ್ಕಿಂತ ಮೊದಲು ಹೊರುವ ತಾಕತ್ತು

205 ಆರ್ 16 ಸಿ ಟೈರಿನ ವ್ಯಾಸ ಸುಮಾರು 735 ಮಿ.ಮೀ. ನಾವು ಹಾಕಿದ್ದು ಎಲ್‌ಟಿ 245/75 ಆರ್ 16. ಲೆಕ್ಕ ಸುಲಭ: 245ರ ಶೇ 75 ಅಂದರೆ 183.75, ಮೇಲೆ ಕೆಳಗೆ ಎರಡು ಕಡೆ ಸೇರಿ 367.5, ರಿಮ್ಮಿನ 406.4 ಕೂಡಿಸಿದರೆ 774. ವ್ಯಾಸ 39 ಹೆಚ್ಚಾದರೂ ಗಾಡಿ ಏರುವುದು ಅದರ ಅರ್ಧ, 19 ಮಿ.ಮೀ. ಚಿಲ್ಲರೆ. ಅದೂ ನಾಲ್ಕೂ ಮೂಲೆಯಲ್ಲಿ ಸಮನಾಗಿ. ದೊಡ್ಡ ಟೈರಿನಿಂದ ಮೂತಿಯ ವಾಲು ಸರಿಹೋಗುವುದಿಲ್ಲ.

ಅಂಗಡಿಯಲ್ಲಿ ಮೋಸ ಹೋಗುವುದು ಲೋಡ್ ಇಂಡೆಕ್ಸ್ ವಿಷಯದಲ್ಲಿ. ಕಂಪನಿ ಟೈರಿನ ಮೇಲೆ 110/108 ಎಂದಿರುತ್ತದೆ. 110 ಅಂದರೆ ಒಂದು ಟೈರು 1060 ಕೆಜಿ ಹೊರುತ್ತದೆ. ಎಸ್‌ಯುವಿಗೆ ಹಾಕುವ 245/70 ಆರ್ 16 ಟೈರುಗಳಲ್ಲಿ 107ರದ್ದೂ ಬರುತ್ತದೆ. ಅದರ ತಾಕತ್ತು 975 ಕೆಜಿ ಮಾತ್ರ. ನೋಡಲು ದಪ್ಪ, ಹೊರುವುದು ಕಡಿಮೆ. ಲೋಡ್ ಗಾಡಿಗೆ ಹಾಕಿದರೆ ಬೇಸಿಗೆಯಲ್ಲಿ ಪಕ್ಕದ ಗೋಡೆ ಕಾದು ಸಿಡಿಯುತ್ತದೆ. ಎಲ್‌ಟಿ 245/75 ಆರ್ 16ರಲ್ಲಿ 120/116 ಇರುತ್ತದೆ, 120 ಅಂದರೆ 1400 ಕೆಜಿ. ಕಂಪನಿ ಅಂಕಿಗಿಂತ ಒಂದು ಅಂಕಿ ಕೆಳಗಿದ್ದರೂ ಆ ಟೈರು ವಾಪಸ್ ಇಡಿ.

245 ಟೈರಿಗೆ ರಿಮ್ಮಿನ ಅಗಲ ಕನಿಷ್ಠ 6½ ಜೆ, ಅಂದರೆ ಆರೂವರೆ ಇಂಚು, ಇರಬೇಕು, 7 ಜೆ ಇದ್ದರೆ ಒಳ್ಳೆಯದು. ನಿಮ್ಮ ರಿಮ್ಮಿನ ಅಗಲ ಅದರ ಮೇಲೆಯೇ ಕೆತ್ತಿರುತ್ತದೆ, ಓದಿಕೊಳ್ಳಿ. ನಾವು 7 ಜೆ ಸ್ಟೀಲ್ ರಿಮ್ ತಗೊಂಡೆವು. ಡಿ-ಮ್ಯಾಕ್ಸ್‌ಗೆ ಆರು ಬೋಲ್ಟು, 139.7 ಮಿ.ಮೀ. ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ). ಬೋಲ್ಟು ಕೂತರೆ ಮುಗಿಯಲಿಲ್ಲ, ನಡುವಿನ ತೂತು ಹಬ್ಬಿನ ಮೇಲೆ ಆಟವಿಲ್ಲದೆ ಕೂರಬೇಕು, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ದೂರ ಎಂಬ ಅಳತೆ) ಹಳೆಯ ರಿಮ್ಮಿಗೆ ಹತ್ತಿರವಿರಬೇಕು. ಚಕ್ರ ಹೊರಗೆ ಚಾಚಲಿ ಎಂದು ಆಫ್‌ಸೆಟ್ ಕಡಿಮೆಯಿರುವ ರಿಮ್ ಹಾಕಿದರೆ ತಿರುಗಿಸುವಾಗ ಟೈರು ದೊಡ್ಡ ವೃತ್ತದಲ್ಲಿ ಸುತ್ತಿ ಮಡ್‌ಫ್ಲಾಪ್ ಕಡೆ ಉಜ್ಜುತ್ತದೆ, ಬೇರಿಂಗ್ ಮೇಲೂ ಹೊರೆ. ವಾಲ್ವನ್ನೂ ನೋಡಿ: ಸಾಮಾನ್ಯ ರಬ್ಬರ್ ಟಿಆರ್ 413 ವಾಲ್ವಿನ ಮಿತಿ 65 ಪಿಎಸ್‌ಐ. ಲೋಡ್ ಗಾಡಿಗೆ ಲೋಹದ ವಾಲ್ವ್ ಹಾಕಿಸಿ, ಖರ್ಚು ಹೆಚ್ಚೇನಿಲ್ಲ.

ಕಾಗದದ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಬಿಗಿಯಾಗಿ ಹೇಳಿದೆ. ಹಳದಿ ಬೋರ್ಡಿನ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ತಪಾಸಣೆ ಬೇರೆ ಇದೆ. ದುಡ್ಡು ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಟೈರ್ ಅಳತೆ ಬರೆದುಕೊಟ್ಟು ಕೇಳಿ, ವಿಮೆಯವರಿಗೂ ಲಿಖಿತವಾಗಿ ತಿಳಿಸಿ. ಆಗದು ಎಂದರೆ ಕೈಬಿಡಿ. ಎಫ್‌ಸಿ ದಿನ ಹಳೆಯ ಟೈರು ಹಾಕಿ ಮರುದಿನ ಬದಲಿಸುವ ಆಟ ಅಪಘಾತವಾದ ದಿನ ಬಯಲಾಗುತ್ತದೆ, ಆಗ ಕ್ಲೇಮು ಇಲ್ಲ.

ಸ್ಪೇಸರ್: 20 ಹಾಕಿದರೆ 36 ಏಕೆ ಏರುತ್ತದೆ

ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಜೋಡಣೆ) ಕೂರುವುದು ಕೆಳಗಿನ ಆರ್ಮಿನ ಮಧ್ಯದಲ್ಲಿ, ಚಕ್ರ ಇರುವುದು ತುದಿಯಲ್ಲಿ. ಏತದ ಹಾಗೆ, ಮಧ್ಯದಲ್ಲಿ ಸ್ವಲ್ಪ ಆಡಿಸಿದರೆ ತುದಿ ಹೆಚ್ಚು ಆಡುತ್ತದೆ. ನಿಮ್ಮ ಗಾಡಿಯ ಲೆಕ್ಕ ನೀವೇ ತೆಗೆಯಬಹುದು: ಜಾಕಿಯಿಂದ ಚಕ್ರವನ್ನು 50 ಮಿ.ಮೀ. ಏರಿಸಿ, ಸ್ಟ್ರಟ್ ಎಷ್ಟು ಕುಗ್ಗಿತು ನೋಡಿ. ನಮ್ಮದರಲ್ಲಿ 28. ಅಂದರೆ ಅನುಪಾತ 0.56, 20 ಮಿ.ಮೀ. ಸ್ಪೇಸರಿಗೆ ಚಕ್ರದಲ್ಲಿ 36 ಮಿ.ಮೀ. 35 ಬೇಕೆಂದು 35ರ ಸ್ಪೇಸರ್ ಹಾಕಿದರೆ ಮೂತಿ 62 ಏರಿಬಿಡುತ್ತದೆ.

ಸ್ಪೇಸರ್ ಅಂದರೆ 20 ಮಿ.ಮೀ. ದಪ್ಪದ ಲೋಹದ ಬಿಲ್ಲೆ. ಸ್ಟ್ರಟ್ಟಿನ ಮೇಲಿನ ತಟ್ಟೆಗೂ ಚಾಸಿಸ್ಸಿಗೂ ನಡುವೆ ಕೂರುತ್ತದೆ. ತಟ್ಟೆಗೆ ಒತ್ತಿ ಕೂರಿಸಿದ ಮೂರು ಬೋಲ್ಟಿಗೆ, ಅಂದರೆ ಸ್ಟಡ್ಡಿಗೆ, ಮೂರು ತೂತು, ನಡುವೆ ದೊಡ್ಡ ತೂತು. ಸ್ಪ್ರಿಂಗನ್ನು ಇದು ಒತ್ತುವುದಿಲ್ಲ, ಆದ್ದರಿಂದ ಗಾಡಿ ಗಡುಸಾಗುವುದಿಲ್ಲ. ಹಳೆಯ ತಟ್ಟೆಯನ್ನೇ ಅಚ್ಚಾಗಿ ಕೊಟ್ಟು ಲೇತ್ ಅಂಗಡಿಯಲ್ಲಿ ಮಾಡಿಸಬಹುದು.

ನಿಜವಾದ ತಲೆನೋವು ಸ್ಟಡ್ಡು. ಕಂಪನಿ ಸ್ಟಡ್ಡಿನ ಉದ್ದ 20 ಮಿ.ಮೀ. ದಪ್ಪ ದಾಟುವುದಿಲ್ಲ. ಹಳೆಯದನ್ನು ಒತ್ತಿ ಹೊರತೆಗೆದು 20 ಮಿ.ಮೀ. ಉದ್ದ ಹೆಚ್ಚಿರುವ 10.9 ಗ್ರೇಡಿನ (ಗಟ್ಟಿ ಉಕ್ಕಿನ) ಸ್ಟಡ್ಡನ್ನು ಪ್ರೆಸ್ಸಿನಲ್ಲಿ ಕೂರಿಸಬೇಕು. ಮೊದಲ ಸಲ ನಮಗೆ ಸಿಕ್ಕಿದ್ದು ಹಾರ್ಡ್‌ವೇರ್ ಅಂಗಡಿಯ ಥ್ರೆಡ್ ರಾಡ್ ಕತ್ತರಿಸಿ ಮಾಡಿದ ಸ್ಟಡ್ಡು. ತಟ್ಟೆಯ ತೂತನ್ನು ಕಚ್ಚಿ ಹಿಡಿಯಬೇಕಾದ ಕುತ್ತಿಗೆಯ ಹಲ್ಲುಗೆರೆ ಹೆಸರಿಗಷ್ಟೇ. ಮೂರನೇ ನಟ್ಟು ಬಿಗಿಯುತ್ತಿದ್ದಾಗ ಟಾರ್ಕ್ ವ್ರೆಂಚ್ ಟಿಕ್ ಎನ್ನಲೇ ಇಲ್ಲ. ನಟ್ಟಿನ ಜೊತೆಗೆ ಸ್ಟಡ್ಡೂ ಸುತ್ತುತ್ತಿತ್ತು. ಬಿಗಿಯಲೂ ಆಗದು, ಬಿಚ್ಚಲೂ ಆಗದು. ಬಾನೆಟ್ ಕೆಳಗೆ ಕೈ ಹೋಗದ ಮೂಲೆಯಲ್ಲಿ ಹ್ಯಾಕ್‌ಸಾ ಬ್ಲೇಡನ್ನು ಬಟ್ಟೆಗೆ ಸುತ್ತಿ ಹಿಡಿದು ನಟ್ಟು ಕೊಯ್ಯಲು ಒಂದೂವರೆ ಗಂಟೆ ಹಿಡಿಯಿತು. ಹಲ್ಲುಗೆರೆಯ ವ್ಯಾಸ ತಟ್ಟೆಯ ತೂತಿಗಿಂತ 0.2-0.3 ಮಿ.ಮೀ. ಹೆಚ್ಚಿರಬೇಕು, ಕೈಯಲ್ಲಿ ತಳ್ಳಿದರೆ ಒಳಗೆ ಹೋಗುವ ಸ್ಟಡ್ಡು ನಾಳೆ ಸುತ್ತುವ ಸ್ಟಡ್ಡು. ತಲೆಯ ಮೇಲೆ 10.9 ಗುರುತಿಲ್ಲದಿದ್ದರೆ ತಗೋಬೇಡಿ.

ಬಿಚ್ಚಿ ಹಾಕುವುದು

ಎರಡೂ ಕಡೆ ಚಾಸಿಸ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಎತ್ತಿ. ಬರೀ ಜಾಕಿಯ ಮೇಲೆ, ಇಟ್ಟಿಗೆಯ ಮೇಲೆ ಈ ಕೆಲಸ ಮಾಡಬೇಡಿ. ಸ್ಟೆಬಿಲೈಸರ್ ಲಿಂಕನ್ನು ಎರಡೂ ಕಡೆ ಒಟ್ಟಿಗೆ ಬಿಚ್ಚಿ; ಒಂದೇ ಕಡೆ ಬಿಚ್ಚಿದರೆ ಇನ್ನೊಂದು ಕಡೆಯ ರಾಡು ಆರ್ಮನ್ನು ಎಳೆದು ಹಿಡಿಯುತ್ತದೆ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಕ್ಲಿಪ್ಪು ಬಿಡಿಸಿ. ಮೇಲಿನ ಬಾಲ್ ಜಾಯಿಂಟಿನ ನಟ್ಟನ್ನು ಪೂರ್ತಿ ತೆಗೆಯದೆ ಮೂರು ನಾಲ್ಕು ಎಳೆ ಉಳಿಸಿ, ನಕಲ್ಲಿನ (ಹಬ್ಬನ್ನು ಹೊತ್ತ ತುಂಡು) ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಗಟ್ಟಿ ಏಟು ಹಾಕಿದರೆ ಬಿಗಿಯಾಗಿ ಕೂತ ಟೇಪರ್ ಬಿಡುತ್ತದೆ. ಕವೆಗೋಲಿನ ಹಾಗಿರುವ ಸಲಕರಣೆ ತುರುಕಿದರೆ ರಬ್ಬರ್ ಬೂಟು ಹರಿಯುತ್ತದೆ, ಮಣ್ಣು ಸೇರಿದ ಜಾಯಿಂಟ್ ಒಂದು ಮಳೆಗಾಲಕ್ಕೆ ಸವೆಯುತ್ತದೆ. ನಕಲ್ಲನ್ನು ಹಗ್ಗದಲ್ಲಿ ಕಟ್ಟಿ ನಿಲ್ಲಿಸಿ, ಹೋಸಿನ ಮೇಲೆ ನೇತಾಡಬಾರದು.

ಆಮೇಲೆ ಸ್ಟ್ರಟ್ಟಿನ ಕೆಳಗಿನ ಬೋಲ್ಟು, ಮೇಲಿನ ಮೂರು ನಟ್ಟು. ನಡುವಿನ ದೊಡ್ಡ ನಟ್ಟಿಗೆ ಕೈ ಹಚ್ಚಬೇಡಿ. ಒತ್ತಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಅದನ್ನು ಸಡಿಲಿಸಿದರೆ ತಟ್ಟೆ ಗುಂಡಿನ ಹಾಗೆ ಹಾರುತ್ತದೆ, ಪ್ರಾಣಕ್ಕೇ ಅಪಾಯ. ಸ್ಟಡ್ಡು ಬದಲಿಸಲು ತಟ್ಟೆ ಬಿಚ್ಚಲೇಬೇಕು, ಹಾಗಾಗಿ ಗೋಡೆಗೆ ಹೊಂದಿಸಿದ ಕಂಪ್ರೆಸರ್ ಇರುವ ವರ್ಕ್‌ಶಾಪಿಗೆ ಸ್ಟ್ರಟ್ ಹೊತ್ತುಕೊಂಡು ಹೋಗಿ. ಬಿಚ್ಚುವ ಮೊದಲು ತಟ್ಟೆ, ಸ್ಪ್ರಿಂಗ್ ತುದಿ, ಕೆಳಗಿನ ಕಣ್ಣು ಮೂರಕ್ಕೂ ಒಂದೇ ನೇರದಲ್ಲಿ ಬಣ್ಣದ ಗೆರೆ ಹಾಕಿ.

ಸ್ಪ್ರಿಂಗ್ ಹೊರಗಿರುವಾಗ ಒಂದು ಪರೀಕ್ಷೆ ಮಾಡಬಹುದು, ಯಾರೂ ಮಾಡುವುದಿಲ್ಲ. ಸ್ಪ್ರಿಂಗ್ ಇಲ್ಲದ ಶಾಕ್ ಅಬ್ಸಾರ್ಬರ್, ತಟ್ಟೆ, ಸ್ಪೇಸರ್ ಮೂರನ್ನೂ ಗಾಡಿಗೆ ಕೂರಿಸಿ ಕೆಳಗಿನ ಆರ್ಮನ್ನು ಜಾಕಿಯಿಂದ ಏರಿಸಿ, ಚಾಸಿಸ್ಸಿನ ಬಂಪ್ ರಬ್ಬರ್ ಚೆನ್ನಾಗಿ ಅಮುಕುವವರೆಗೆ. ಆಗ ಶಾಕಿನ ರಾಡು ಇನ್ನೂ ಹೊರಗೆ ಉಳಿದಿರಬೇಕು. ಸ್ಪೇಸರ್ ಹಾಕಿದಷ್ಟೂ ಶಾಕು ಒಳಗೆ ಬಡಿಯಲು ಹತ್ತಿರವಾಗುತ್ತದೆ. ನಮಗೆ 12 ಮಿ.ಮೀ. ಉಳಿಯಿತು. 35ರ ಸ್ಪೇಸರ್ ಹಾಕಿದ್ದರೆ ಹಳ್ಳಕ್ಕೆ ಬಿದ್ದಾಗ ರಬ್ಬರಿಗಿಂತ ಮೊದಲು ಶಾಕೇ ಬಡಿಯುತ್ತಿತ್ತು. ಸ್ಪೇಸರ್ ಹಾಕಿದ ಆರು ತಿಂಗಳಿಗೆ ಶಾಕ್ ಎಣ್ಣೆ ಕಾರಿದ ಗಾಡಿಗಳಲ್ಲಿ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಜೋಡಿಸುವಾಗ ಎಚ್ಚರ ಒಂದೇ: ಸ್ಟ್ರಟ್ಟಿನ ಕೆಳಗಿನ ಬೋಲ್ಟನ್ನೂ ಆರ್ಮ್ ಬುಷ್ಷಿನ ಬೋಲ್ಟನ್ನೂ ಚಕ್ರ ಗಾಳಿಯಲ್ಲಿದ್ದಾಗ ಪೂರ್ತಿ ಬಿಗಿಯಬೇಡಿ. ರಬ್ಬರ್ ಬುಷ್ಷು ಬಿಗಿದ ಸ್ಥಿತಿಯಲ್ಲೇ ಹಿಡಿದುಕೊಂಡು, ಗಾಡಿ ಇಳಿಸಿದಾಗ ತಿರುಚಿ ಹರಿಯುತ್ತದೆ. ಚಕ್ರ ಹಾಕಿ ನೆಲಕ್ಕಿಳಿಸಿ, ಎರಡು ಸಲ ಕುಣಿಸಿ, ಆಮೇಲೆ ಮ್ಯಾನುಯಲ್ಲಿನ ಟಾರ್ಕಿಗೆ ಬಿಗಿಯಿರಿ. ಬಾಲ್ ಜಾಯಿಂಟಿಗೆ ಹೊಸ ಸ್ಪ್ಲಿಟ್ ಪಿನ್. ಚಕ್ರದ ನಟ್ಟು 120 ನ್ಯೂಟನ್ ಮೀಟರ್ ಸುಮಾರಿಗೆ, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ.

ಟೂ ವೀಲ್ ಡ್ರೈವ್ ಆದ್ದರಿಂದ ಒಂದು ತಾಪತ್ರಯ ಕಡಿಮೆ: ಮುಂದೆ ಡ್ರೈವ್ ಶಾಫ್ಟ್ ಇಲ್ಲ, ಅದರ ಕೋನದ ಚಿಂತೆಯಿಲ್ಲ. ಇಲ್ಲಿ ಮಿತಿ ಹಾಕುವುದು ಮೇಲಿನ ಆರ್ಮು. ಚಕ್ರ ಪೂರ್ತಿ ಜೋತು ಬಿದ್ದಾಗ ಆರ್ಮು ಸ್ಪ್ರಿಂಗಿಗೆ ತಾಗಬಾರದು, ಬಾಲ್ ಜಾಯಿಂಟ್ ಸಿಕ್ಕಿಕೊಳ್ಳಬಾರದು, ಸ್ಟೀರಿಂಗ್ ಎರಡೂ ತುದಿಗೆ ತಿರುಗಿಸಿದಾಗ ಬ್ರೇಕ್ ಹೋಸ್ ಬಿಗಿಯಬಾರದು. ನಮ್ಮಲ್ಲಿ ಆರ್ಮಿಗೂ ಸ್ಪ್ರಿಂಗಿಗೂ 9 ಮಿ.ಮೀ. ಸಂದು ಉಳಿದಿದೆ.

ಬೊಲೆರೊ ಪಿಕಪ್ ತರಹ ಮುಂದೆಯೂ ಪಟ್ಟಿಯಿರುವ ಗಾಡಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಜೋತು ಬಿದ್ದ ಪಟ್ಟಿಗಳಿಗೆ ಬಾಗು ಕೊಡಿಸಬೇಕು ಅಥವಾ ಅದೇ ಅಗಲದ ಒಂದು ಪಟ್ಟಿ ಸೇರಿಸಬೇಕು. ಹೊಸ ಯು ಬೋಲ್ಟ್, ಹೊಸ ಸೆಂಟರ್ ಬೋಲ್ಟ್ ಕಡ್ಡಾಯ. ಮುಂದಿನ ಆಕ್ಸಲ್ಲಿಗೂ ಪಟ್ಟಿಗೂ ನಡುವೆ ಕಬ್ಬಿಣದ ಬ್ಲಾಕ್ ಇಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಬ್ರೇಕ್ ಹಿಡಿದಾಗ ಬ್ಲಾಕು ಮಗುಚಿಕೊಳ್ಳಲು ನೋಡುತ್ತದೆ.

ಅಲೈನ್‌ಮೆಂಟು, ಉಜ್ಜಾಟ, ಹೆಡ್‌ಲೈಟು

ಮೂತಿ ಏರಿದರೆ ಕ್ಯಾಂಬರ್ (ಚಕ್ರದ ಮೇಲ್ತುದಿಯ ವಾಲು) ಪಾಸಿಟಿವ್ ಕಡೆ, ಅಂದರೆ ಹೊರಕ್ಕೆ, ಸರಿಯುತ್ತದೆ; ಕ್ಯಾಸ್ಟರ್ (ಚಕ್ರ ತಿರುಗುವ ಅಚ್ಚು ಹಿಂದೆ ಮುಂದೆ ವಾಲಿರುವ ಕೋನ) ಮತ್ತು ಟೋ (ಚಕ್ರಗಳ ಮುಂಭಾಗ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವುದು) ಕೂಡ ಬದಲಾಗುತ್ತವೆ. ನಾವು ಮೊದಲು ಹೋದ ಕಡೆ ಟೋ ಒಂದನ್ನೇ ತಿರುಗಿಸಿ ಸ್ಟೀರಿಂಗ್ ನೇರ ಮಾಡಿ ಕಳಿಸಿದರು. ಹಾಗೇ ಬಿಟ್ಟಿದ್ದರೆ ಟೈರಿನ ಹೊರ ಅಂಚು ತಿನ್ನುತ್ತಿತ್ತು. ಕೆಳಗಿನ ಆರ್ಮಿನ ಕ್ಯಾಮ್ ಬೋಲ್ಟ್ ತಿರುಗಿಸಿ ಕ್ಯಾಂಬರ್, ಕ್ಯಾಸ್ಟರ್ ಹೊಂದಿಸಿ, ಆಮೇಲೆ ಸ್ಟೀರಿಂಗಿನ ಟೈ ರಾಡಿನಲ್ಲಿ ಟೋ ಹೊಂದಿಸಬೇಕು. ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ. ಪ್ರಿಂಟ್ ಕೊಡದ ಕಡೆ ಗಾಡಿ ಹತ್ತಿಸಬೇಡಿ. 500 ಕಿ.ಮೀ. ಆದ ಮೇಲೆ ಎಲ್ಲ ಕೂತುಕೊಂಡಿರುತ್ತದೆ, ಆಗ ಇನ್ನೊಮ್ಮೆ.

ಟೈರು ಎಲ್ಲಿ ಉಜ್ಜುತ್ತದೆ ಎಂದು ನೋಡಲು ಟೈರಿನ ಭುಜಕ್ಕೆ ಗಟ್ಟಿಯಾಗಿ ಕಲಸಿದ ಸುಣ್ಣ ಬಳಿಯಿರಿ. ಮಟ್ಟದ ಅಂಗಳದಲ್ಲಿ ಸ್ಟೀರಿಂಗ್ ತಿರುಗಿಸಿದಾಗ ನಮಗೆ ಎಲ್ಲೂ ತಾಗಲಿಲ್ಲ. ಆದರೆ ಎಡಗಡೆ ಚಕ್ರವನ್ನು ಬದುವಿನ ಮೇಲೆ ಹತ್ತಿಸಿ, ಪೂರ್ತಿ ತಿರುಗಿಸಿ ರಿವರ್ಸ್ ತೆಗೆದಾಗ ಚಕ್ರದ ಹಿಂಬದಿಯ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಅಂಗೈಯಗಲ ಬಿಳಿ ಗುರುತು ಬಿತ್ತು. ಹೀಟ್ ಗನ್ನಿನಿಂದ ಕಾಯಿಸಿ ಆ ಹೊದಿಕೆಯನ್ನು ಒಳಕ್ಕೆ ಒತ್ತಿದೆವು, ಮಡ್‌ಫ್ಲಾಪನ್ನು 15 ಮಿ.ಮೀ. ಹಿಂದಕ್ಕೆ ಸರಿಸಿದೆವು. ಲೋಹ ಕತ್ತರಿಸುವ ಅಗತ್ಯ ಬಿದ್ದರೆ ಟೈರ್ ಆಯ್ಕೆಯೇ ತಪ್ಪು.

ಹೆಡ್‌ಲೈಟನ್ನು ಅದೇ ದಿನ ಇಳಿಸಿ. 3095 ಮಿ.ಮೀ. ವೀಲ್‌ಬೇಸಿನ ಗಾಡಿಯಲ್ಲಿ ಮೂತಿ 36 ಮಿ.ಮೀ. ಏರಿದರೆ 10 ಮೀಟರ್ ದೂರದ ಗೋಡೆಯ ಮೇಲೆ ಬೆಳಕಿನ ಗೆರೆ ಹೆಚ್ಚುಕಡಿಮೆ 12 ಸೆಂ.ಮೀ. ಮೇಲೆ ಹೋಗುತ್ತದೆ. ಅದರ ಮೇಲೆ ಲೋಡು ಬಿದ್ದರೆ ಇನ್ನೂ 27 ಸೆಂ.ಮೀ. ಕೆಲಸಕ್ಕೆ ಮೊದಲು ಗೋಡೆಯ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಟ್ಟುಕೊಂಡರೆ ಆಮೇಲೆ ಸ್ಕ್ರೂ ತಿರುಗಿಸುವುದು ಐದು ನಿಮಿಷದ ಕೆಲಸ. ಲೋಡಿನ ದಿನ ಡ್ಯಾಶ್‌ಬೋರ್ಡಿನ ಲೆವೆಲಿಂಗ್ ಗುಂಡಿ ಇದ್ದರೆ ಅದನ್ನೂ ಬಳಸಿ. ಬೆಳಗಿನ ಜಾವ ಮುಳಬಾಗಿಲು ಕಡೆಯಿಂದ ಮಂಡಿಗೆ ಬರುವ ಲೋಡ್ ಗಾಡಿಗಳಲ್ಲಿ ಎದುರಿನವರ ಕಣ್ಣಿಗೆ ಹೊಡೆಯುವುದು ಹೈಬೀಮ್ ಮಾತ್ರ ಅಲ್ಲ.

ಓಡಿಸಿದ ಮೇಲೆ

ಚಕ್ರದ ಸುತ್ತಳತೆ ಶೇ 5.3 ಹೆಚ್ಚಿದೆ. ಸ್ಪೀಡೋಮೀಟರಿನ ಲೆಕ್ಕದ 60ಕ್ಕೆ ಈಗ ನಿಜವಾಗಿ 63. ವೇಗ ಮಿತಿಯ ಸಾಧನ ಹಾಕಿದ ಗಾಡಿಯಾದರೆ ಆ ಲೆಕ್ಕವೂ ತಪ್ಪುತ್ತದೆ, ಮತ್ತೆ ಹೊಂದಿಸಬೇಕು. ಮೈಲೇಜು ಬಿತ್ತು ಎಂದು ದೂರುವ ಮೊದಲು ಓಡಿದ ಕಿಲೋಮೀಟರನ್ನು 1.053ರಿಂದ ಗುಣಿಸಿ ನೋಡಿ. ಗೇರು ಅಷ್ಟೇ ಪ್ರಮಾಣದಲ್ಲಿ ಉದ್ದವಾಯಿತು: ಲೋಡಿನಲ್ಲಿ ಕೆರೆ ಏರಿ ಹತ್ತುವಾಗ ಎರಡನೇ ಗೇರಿನಲ್ಲಿ ಎಳೆಯುತ್ತಿದ್ದ ಕಡೆ ಈಗ ಮೊದಲನೆಯದಕ್ಕೆ ಬರಬೇಕು. ಅಲ್ಲಿ ಹಟ ಮಾಡಿ ಕ್ಲಚ್ ಒತ್ತಿಕೊಂಡೇ ಹತ್ತಿಸಿದರೆ ಪ್ಲೇಟು ಸುಡುತ್ತದೆ. ರಿಮ್ ಸೇರಿ ಒಂದೊಂದು ಚಕ್ರ ಮೊದಲಿಗಿಂತ 5 ಕೆಜಿಯಷ್ಟು ಹೆಚ್ಚು ಭಾರ. ಬ್ರೇಕ್ ಹಿಡಿಯುವ ದೂರವೂ ಸ್ವಲ್ಪ ಹೆಚ್ಚು.

ಬಾಗಿಲಿನ ಸ್ಟಿಕ್ಕರಿನಲ್ಲಿರುವ ಗಾಳಿಯ ಅಳತೆ ಹಳೆಯ ಟೈರಿನದ್ದು. ವೇಬ್ರಿಡ್ಜಿನಲ್ಲಿ ಬರೀ ಹಿಂದಿನ ಚಕ್ರ ಹತ್ತಿಸಿ ಆಕ್ಸಲ್ ತೂಕ ತೆಗೆದುಕೊಂಡು, ಟೈರ್ ಕಂಪನಿಯ ಲೋಡ್ ಪಟ್ಟಿ ನೋಡಿ ನಿರ್ಧರಿಸಿ. ನಾವು ಖಾಲಿಯಲ್ಲಿ ನಾಲ್ಕಕ್ಕೂ 36 ಪಿಎಸ್‌ಐ, ಲೋಡಿನಲ್ಲಿ ಹಿಂದೆ 48 ಹಿಡಿಯುತ್ತಿದ್ದೇವೆ.

ಲೆಕ್ಕಕ್ಕೆ ತಪ್ಪಿಹೋಗಿದ್ದು ಸ್ಟೆಪ್ನಿ. ಲೋಡು ಹೇರುವ ತೊಟ್ಟಿಯ ಕೆಳಗಿನ ಚೈನಿನ ಜಾಗ 735ರ ಟೈರಿಗೆ ಮಾಡಿದ್ದು. 774ರದ್ದು ಸೈಲೆನ್ಸರ್ ಪೈಪಿಗೆ ಒತ್ತಿ ನಿಂತಿತು. ಹಳೆಯ 205ನ್ನೇ ಬಿಡೋಣವೆಂದರೆ ಹಿಂದಿನ ಆಕ್ಸಲ್ಲಿನಲ್ಲಿ ಒಂದು ಚಿಕ್ಕದು ಒಂದು ದೊಡ್ಡದು ಆಗಿ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಎಡೆಬಿಡದೆ ಸುತ್ತುತ್ತದೆ, ಹತ್ತಿರದ ಪಂಚರ್ ಅಂಗಡಿಯವರೆಗೆ ಸರಿ, ಚೆನ್ನೈ ಲೋಡಿಗಲ್ಲ. ಕೊನೆಗೆ ಕ್ಯಾಬಿನ್ ಹಿಂದೆ ನಿಲ್ಲಿಸಿ ಕಟ್ಟಲು ಒಂದು ಆಂಗಲ್ ಫ್ರೇಮ್ ಮಾಡಿಸಿದ್ದಾಯಿತು. ತೊಟ್ಟಿಯಲ್ಲಿ ನಾಲ್ಕು ಬಾಕ್ಸಿನ ಜಾಗ ಹೋಯಿತು.